ವಾರದ, ವಾರಗಳ: ಇಂಗ್ಲಿಷಿನ ಕಾಲಾವಧಿ ಪದಗಳಿಗೆ ಅಪಾಸ್ಟ್ರಫಿ ಹಾಕುವ ಬಗೆ

ರಜೆ ಅರ್ಜಿ, ರಾಜೀನಾಮೆ ಪತ್ರ, ಬಯೋಡೇಟಾ, ಬಾಡಿಗೆ ಕರಾರು. ಇವನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಒಂದೇ ಜಾಗದಲ್ಲಿ ಕೈ ತಡೆಯುತ್ತದೆ. ಮೂರು ದಿನಗಳ ರಜೆ, ಎರಡು ವಾರಗಳ ನೋಟಿಸ್, ಹತ್ತು ವರ್ಷಗಳ ಅನುಭವ ಎನ್ನುವಾಗ ಅಪಾಸ್ಟ್ರಫಿ ಎಲ್ಲಿ ಬರಬೇಕು? ಎಸ್ ಅಕ್ಷರಕ್ಕೆ ಮೊದಲೋ, ಆಮೇಲೋ, ಅಥವಾ ಬೇಡವೇ ಬೇಡವೋ?

ಕಿವಿ ಇಲ್ಲಿ ನೆರವಿಗೆ ಬರುವುದಿಲ್ಲ. “ವೀಕ್ಸ್”, “ವೀಕ್’ಸ್”, “ವೀಕ್ಸ್’” ಮೂರರ ಉಚ್ಚಾರಣೆಯೂ ಒಂದೇ. (ಈ ಬರಹದಲ್ಲಿ ಪದದ ಕೊನೆಯ “ಸ್” ಎಂದರೆ ಇಂಗ್ಲಿಷಿನ ಎಸ್ ಅಕ್ಷರ, ಅದರ ಅಕ್ಕಪಕ್ಕದ ಚಿಹ್ನೆಯ ಸ್ಥಾನವನ್ನು ಗಮನವಿಟ್ಟು ನೋಡಿ.) ಸ್ಪೆಲ್‌ಚೆಕ್ ನಂಬಿ ಕೂರುವಂತೆಯೂ ಇಲ್ಲ. ಮೂರೂ ಇಂಗ್ಲಿಷಿನಲ್ಲಿ ಇರುವ ರೂಪಗಳೇ ಆದ್ದರಿಂದ ತಪ್ಪು ಜಾಗದಲ್ಲಿ ಬಂದರೂ ಕೆಂಪು ಗೆರೆ ಬೀಳದೆ ಹೋಗಬಹುದು.

ಕನ್ನಡ ಬಲ್ಲವರಿಗೆ ಮಾತ್ರ ಒಂದು ಒಳ್ಳೆಯ ಅನುಕೂಲವಿದೆ. “ವಾರಗಳ” ಎಂಬ ಪದವನ್ನು ಬಿಡಿಸಿ ನೋಡಿ: ವಾರ, ಅದಕ್ಕೆ ಬಹುವಚನದ “ಗಳು”, ಕೊನೆಗೆ ಷಷ್ಠಿ ವಿಭಕ್ತಿಯ “ಅ”. ಇಂಗ್ಲಿಷಿನಲ್ಲೂ ಜೋಡಣೆ ಇದೇ ಸಾಲಿನಲ್ಲಿದೆ. ಮೊದಲು “ವೀಕ್”, ಆಮೇಲೆ ಬಹುವಚನದ ಎಸ್, ಕೊನೆಗೆ ಷಷ್ಠಿಯ ಕೆಲಸ ಮಾಡುವ ಅಪಾಸ್ಟ್ರಫಿ. ಹಾಗಾಗಿ ಎರಡು ವಾರಗಳ ನೋಟಿಸ್ ಎಂದರೆ “ಟೂ ವೀಕ್ಸ್’ ನೋಟಿಸ್”. ಒಂದು ವಾರದ ನೋಟಿಸ್ ಆದರೆ ಬಹುವಚನವೇ ಇಲ್ಲ. ಅಪಾಸ್ಟ್ರಫಿ ಮತ್ತು ಎಸ್ ಎರಡೂ ಸೇರಿ “ವಾರದ” ಎಂಬುದರ ಕೊನೆಯ “ದ” ಮಾಡುವ ಕೆಲಸ ಮಾಡುತ್ತವೆ: “ಒನ್ ವೀಕ್’ಸ್ ನೋಟಿಸ್”. ನಿಮಿಷ, ಗಂಟೆ, ದಿನ, ವಾರ, ತಿಂಗಳು, ವರ್ಷ, ದಶಕ ಇವುಗಳ ಇಂಗ್ಲಿಷ್ ಪದಗಳೆಲ್ಲ ಬರೀ ಎಸ್ ಸೇರಿಸಿದರೆ ಬಹುವಚನವಾಗುತ್ತವೆ. “ಚಿಲ್ಡ್ರನ್” ಥರದ ವಿಚಿತ್ರ ರೂಪ ಇಲ್ಲಿಲ್ಲ. ಶತಮಾನ ಒಂದರಲ್ಲಿ ಮಾತ್ರ ಕಾಗುಣಿತ ಬದಲಾಗುತ್ತದೆ: “ಸೆಂಚುರಿ” ಪದದ ಕೊನೆಯ ವೈ ಹೋಗಿ ಐ, ಇ, ಎಸ್ ಬರುತ್ತವೆ, ಅವುಗಳ ನಂತರ ಅಪಾಸ್ಟ್ರಫಿ.

ಬರೆಯುವ ಕ್ರಮ ಹೀಗೆ. ಮೊದಲು ಸಂಖ್ಯೆ ನೋಡಿ: ಒಂದೋ, ಹೆಚ್ಚೋ? ಹೆಚ್ಚಾದರೆ ಯಾವ ಚಿಹ್ನೆಯೂ ಇಲ್ಲದೆ ಬಹುವಚನವನ್ನು ಪೂರ್ತಿ ಬರೆದುಬಿಡಿ: “ತ್ರೀ ಡೇಸ್”. ಮುಂದೆ ಬರುವ ಪದ ನಾಮಪದವೇ ಎಂದು ನೋಡಿ. ರಜೆ, ಕೆಲಸ, ಸಂಬಳ, ವಿಳಂಬ, ಅನುಭವ, ಬಾಡಿಗೆ ಇವೆಲ್ಲ ನಾಮಪದಗಳು. ನಾಮಪದವಾದರೆ, ಈಗಾಗಲೇ ಬರೆದ ಎಸ್ ಆದಮೇಲೆ ಚಿಹ್ನೆ ಹಾಕಿ: “ತ್ರೀ ಡೇಸ್’ ಲೀವ್”. ಬಹುವಚನವನ್ನು ಮೊದಲು ಪೂರ್ತಿ ಬರೆಯುವುದೇ ಇಲ್ಲಿನ ಮುಖ್ಯ ಅಭ್ಯಾಸ. ಎಸ್ ಮತ್ತು ಚಿಹ್ನೆ ಎರಡನ್ನೂ ಒಟ್ಟಿಗೆ ಬರೆಯಹೊರಟಾಗಲೇ ಕೈ ತಾನಾಗಿ ಎಸ್‌ಗೆ ಮೊದಲು ಚಿಹ್ನೆ ಹಾಕಿಬಿಡುತ್ತದೆ.

ಅನುಮಾನ ಉಳಿದರೆ “ಆಫ್” ಪರೀಕ್ಷೆ ಮಾಡಿ. “ಟೆನ್ ಇಯರ್ಸ್ ಆಫ್ ಎಕ್ಸ್‌ಪೀರಿಯನ್ಸ್” ಎಂದು ಹೇಳಲು ಬರುತ್ತದೆಯೇ? ಬರುತ್ತದೆ. ಆ “ಆಫ್” ತೆಗೆದರೆ ಅದರ ಜಾಗಕ್ಕೆ ಅಪಾಸ್ಟ್ರಫಿ ಬರುತ್ತದೆ: “ಟೆನ್ ಇಯರ್ಸ್’ ಎಕ್ಸ್‌ಪೀರಿಯನ್ಸ್”. ಎರಡರಲ್ಲಿ ಒಂದೇ ಇರಬೇಕು. “ಟೆನ್ ಇಯರ್ಸ್’ ಆಫ್ ಎಕ್ಸ್‌ಪೀರಿಯನ್ಸ್” ಎಂದು ಬರೆದರೆ ಷಷ್ಠಿಯನ್ನು ಎರಡು ಸಲ ಹೇಳಿದಂತಾಗುತ್ತದೆ. ಬಯೋಡೇಟಾಗಳಲ್ಲಿ ಸುಲಭವಾಗಿ ನುಸುಳುವ ತಪ್ಪು ಇದು.

ಕನ್ನಡದಿಂದಲೇ ಬರುವ ತೊಡಕುಗಳೂ ಇವೆ, ಇವುಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಯೋಚಿಸಬೇಕು.

ಆಡುಮಾತಿನಲ್ಲಿ ನಾವು “ಹತ್ತು ವರ್ಷದ ಅನುಭವ”, “ಮೂರು ದಿನದ ರಜೆ” ಎಂದೇ ಹೇಳುವುದು. ಸಂಖ್ಯೆ ಇದ್ದಮೇಲೆ “ಗಳು” ಬೇಕೆಂದು ಕನ್ನಡ ಹಟ ಮಾಡುವುದಿಲ್ಲ. ಆ ಏಕವಚನವನ್ನು ಹಾಗೇ ಇಂಗ್ಲಿಷಿಗೆ ಸಾಗಿಸಿದಾಗ “ಟೆನ್ ಇಯರ್’ಸ್” ಎಂಬ ತಪ್ಪು ಹುಟ್ಟುತ್ತದೆ. ಇಂಗ್ಲಿಷ್ ಈ ವಿಷಯದಲ್ಲಿ ಕಟ್ಟುನಿಟ್ಟು. ಎರಡಾದ ಕೂಡಲೇ ಬಹುವಚನ ಬೇಕೇ ಬೇಕು. ಆದ್ದರಿಂದ ಬರೆಯುವ ಮುನ್ನ ಮನಸ್ಸಿನಲ್ಲಿ “ವರ್ಷದ” ಎಂಬುದನ್ನು “ವರ್ಷಗಳ” ಎಂದು ತಿದ್ದಿಕೊಳ್ಳಿ.

“ತಿಂಗಳ” ಎಂಬ ಪದ ಇನ್ನೂ ಮೋಸದ್ದು. ಅದು “ಗಳ” ಎಂದು ಮುಗಿಯುವುದರಿಂದ ಬಹುವಚನದಂತೆ ಕೇಳಿಸುತ್ತದೆ, ಆದರೆ ಆ “ಗಳ” ಮೂಲಪದ “ತಿಂಗಳು” ಎಂಬುದರದ್ದೇ. ಒಂದು ತಿಂಗಳ ಬಾಡಿಗೆ “ಒನ್ ಮಂತ್’ಸ್ ರೆಂಟ್”, ಆರು ತಿಂಗಳ ಬಾಡಿಗೆ “ಸಿಕ್ಸ್ ಮಂತ್ಸ್’ ರೆಂಟ್”. ಇಲ್ಲಿ ಕನ್ನಡದ ರೂಪ ಬಿಟ್ಟು ಸಂಖ್ಯೆಯನ್ನೇ ನಂಬಬೇಕು. ಕಳೆದ ತಿಂಗಳ ಬಿಲ್ ಎಂದರೆ “ಲಾಸ್ಟ್ ಮಂತ್’ಸ್ ಬಿಲ್”. ಕಳೆದ ಮೂರು ತಿಂಗಳ ಬಿಲ್‌ಗಳು ಎಂದರೆ “ದ ಲಾಸ್ಟ್ ತ್ರೀ ಮಂತ್ಸ್’ ಬಿಲ್ಸ್”. ಕೊನೆಯ “ಬಿಲ್ಸ್” ಬಹುವಚನವಾದದ್ದಕ್ಕೂ ಚಿಹ್ನೆಯ ಜಾಗಕ್ಕೂ ಸಂಬಂಧವಿಲ್ಲ; ತಿಂಗಳುಗಳು ಎಷ್ಟು ಎಂಬುದಷ್ಟೇ ಲೆಕ್ಕ.

ಇನ್ನೊಂದು: ಕನ್ನಡದಲ್ಲಿ “ಗಳ” ಬಂದಲ್ಲೆಲ್ಲ ಇಂಗ್ಲಿಷಿನಲ್ಲಿ ಅಪಾಸ್ಟ್ರಫಿ ಬರುವುದಿಲ್ಲ. ಹತ್ತು ವರ್ಷಗಳ ಹಿಂದೆ ಎಂಬುದು “ಟೆನ್ ಇಯರ್ಸ್ ಅಗೋ”, ಎರಡು ವಾರಗಳ ನಂತರ ಎಂಬುದು “ಟೂ ವೀಕ್ಸ್ ಲೇಟರ್”, ಮೂರು ದಿನಗಳ ಕಾಲ ಎಂಬುದು “ಫಾರ್ ತ್ರೀ ಡೇಸ್”. ಯಾವುದಕ್ಕೂ ಚಿಹ್ನೆ ಇಲ್ಲ, ಏಕೆಂದರೆ ಕಾಲದ ಪದದ ಮುಂದೆ ನಾಮಪದವೇ ಇಲ್ಲ. ಗುಣವಾಚಕ ಬಂದಾಗಲೂ ಇದೇ ಕಾರಣ: “ಫೈವ್ ಇಯರ್ಸ್ ಓಲ್ಡ್”, “ಟೆನ್ ಮಿನಿಟ್ಸ್ ಲೇಟ್”, “ಸಿಕ್ಸ್ ಮಂತ್ಸ್ ಪ್ರೆಗ್ನೆಂಟ್”. ವಯಸ್ಸನ್ನು, ತಡವನ್ನು, ಬಸಿರನ್ನು ಅಳೆಯುವ ಮಾತುಗಳಿವು, ಷಷ್ಠಿಯಲ್ಲ.

“ಟೈಮ್” ಪದದ ಜೊತೆ ಎಚ್ಚರ. ಎರಡು ವಾರಗಳಲ್ಲಿ ಎಂಬುದಕ್ಕೆ “ಇನ್ ಟೂ ವೀಕ್ಸ್” ಎಂದರೆ ಚಿಹ್ನೆ ಬೇಡ. ಕೊನೆಗೆ “ಟೈಮ್” ಸೇರಿದರೆ ಅದು ನಾಮಪದ, ಚಿಹ್ನೆ ಬೇಕು: “ಇನ್ ಟೂ ವೀಕ್ಸ್’ ಟೈಮ್”. “ವರ್ತ್” ಕೂಡ ಹೀಗೆಯೇ, “ತ್ರೀ ಡೇಸ್’ ವರ್ತ್ ಆಫ್ ವರ್ಕ್” ಎಂಬಲ್ಲಿ ಮುಂದೆ “ಆಫ್” ಇದ್ದರೂ ಚಿಹ್ನೆ ಉಳಿಯುತ್ತದೆ. ಆ “ಆಫ್” ಸೇರಿರುವುದು “ವರ್ತ್” ಪದಕ್ಕೆ, ದಿನಗಳಿಗಲ್ಲ.

ಇನ್ನು ಹೈಫನ್. ಐದು ನಿಮಿಷಗಳ ನಡಿಗೆಯನ್ನು “ಫೈವ್ ಮಿನಿಟ್ಸ್’ ವಾಕ್” ಎಂದೂ ಬರೆಯಬಹುದು, “ಎ ಫೈವ್-ಮಿನಿಟ್ ವಾಕ್” ಎಂದೂ ಬರೆಯಬಹುದು. ಹೈಫನ್ ಬಂದರೆ ಎಸ್ ಹೋಗುತ್ತದೆ, ಅಪಾಸ್ಟ್ರಫಿಯೂ ಹೋಗುತ್ತದೆ. “ಫೈವ್-ಮಿನಿಟ್ಸ್ ವಾಕ್” ಎಂಬ ಬೆರಕೆ ರೂಪ ತಪ್ಪು. ಎಣಿಸಬಹುದಾದ ನಾಮಪದ ಇದ್ದು ಆರಂಭದಲ್ಲಿ “ಎ” ಬೇಕಾದರೆ ಹೈಫನ್ ರೂಪವೇ ಚೆಂದ: “ಎ ತ್ರೀ-ಡೇ ವರ್ಕ್‌ಶಾಪ್”. ಅನುಭವದಂಥ ಪದದಲ್ಲಿ ಮಾತ್ರ ಹೈಫನ್ ಹಾಕಬೇಡಿ. “ಎ ಟೆನ್-ಇಯರ್ ಎಕ್ಸ್‌ಪೀರಿಯನ್ಸ್” ಎಂದರೆ ಹತ್ತು ವರ್ಷ ನಡೆದ ಒಂದು ಘಟನೆ ಎಂಬ ಅರ್ಥ ಬಂದುಬಿಡುತ್ತದೆ. ಹತ್ತು ವರ್ಷದ ಹುಡುಗಿ ಎಂಬಲ್ಲಿ ಕನ್ನಡದಲ್ಲಿ ಷಷ್ಠಿ ಇದ್ದರೂ ಇಂಗ್ಲಿಷಿನಲ್ಲಿ ಎರಡು ಹೈಫನ್: “ಎ ಟೆನ್-ಇಯರ್-ಓಲ್ಡ್ ಗರ್ಲ್”.

ಇತಿಹಾಸದ ಹೆಸರುಗಳಲ್ಲಿ ಎರಡೂ ಪದ್ಧತಿ ಕಾಣುತ್ತವೆ. 1618ರಿಂದ 1648ರವರೆಗೆ ಯುರೋಪಿನಲ್ಲಿ ನಡೆದದ್ದು “ದ ಥರ್ಟಿ ಇಯರ್ಸ್’ ವಾರ್”, 1756ರಿಂದ 1763ರವರೆಗಿನದು “ದ ಸೆವೆನ್ ಇಯರ್ಸ್’ ವಾರ್”. 1967ರ ಅರಬ್-ಇಸ್ರೇಲ್ ಯುದ್ಧ ಮಾತ್ರ “ದ ಸಿಕ್ಸ್-ಡೇ ವಾರ್”. ಅಪಾಸ್ಟ್ರಫಿಯ ಜಾಗ ಮರೆತಾಗ ನೆನಪಿಸಿಕೊಳ್ಳಲು ಈ ಹೆಸರುಗಳು ಚೆನ್ನಾಗಿ ಒದಗುತ್ತವೆ.

ಆರಂಭದಲ್ಲಿ “ಎ” ಕಂಡ ತಕ್ಷಣ ಏಕವಚನ ಎಂದುಕೊಳ್ಳುವುದೂ ತಪ್ಪಿಗೆ ದಾರಿ. “ಎ ಫ್ಯೂ ಡೇಸ್’ ರೆಸ್ಟ್”, “ಎ ಕಪಲ್ ಆಫ್ ವೀಕ್ಸ್’ ಡಿಲೇ”: ಇವುಗಳ ದಿನ, ವಾರ ಬಹುವಚನವೇ. ಅರ್ಧ ಗಂಟೆ ಏಕವಚನ, “ಹಾಫ್ ಆ್ಯನ್ ಅವರ್’ಸ್ ಡಿಲೇ”. ಒಂದೂವರೆ ಗಂಟೆ ಇಂಗ್ಲಿಷಿನಲ್ಲಿ ಬಹುವಚನ, “ಒನ್ ಆ್ಯಂಡ್ ಎ ಹಾಫ್ ಅವರ್ಸ್’ ಡಿಲೇ”. ಪ್ರತಿ ದಿನ, ಪ್ರತಿ ವಾರ ಎಂಬ ಅರ್ಥದ “ಈಚ್”, “ಎವ್ರಿ” ಬಂದರೆ ಯಾವಾಗಲೂ ಏಕವಚನ. “ಟುಡೇ’ಸ್”, “ಯೆಸ್ಟರ್‌ಡೇ’ಸ್” ಕೂಡ ಹಾಗೆಯೇ. ಸಂಖ್ಯೆಯನ್ನು ಅಂಕಿಯಲ್ಲಿ ಬರೆದರೂ ನಿಯಮ ಬದಲಾಗದು: “2 ವೀಕ್ಸ್’ ನೋಟಿಸ್”.

ಚಿಹ್ನೆಯನ್ನೇ ಬಿಟ್ಟು “ಟೂ ವೀಕ್ಸ್ ನೋಟಿಸ್” ಎಂದು ಬರೆದದ್ದನ್ನು ನೀವು ಎಷ್ಟೋ ಕಡೆ ನೋಡಿರುತ್ತೀರಿ. ಅರ್ಥವೇನೂ ಕೆಡುವುದಿಲ್ಲ, ನಿಜ. ಆದರೂ ಅಮೆರಿಕದ ಪತ್ರಕರ್ತರು ಬಳಸುವ ಎಪಿ ಶೈಲಿ ಕೈಪಿಡಿ ಇಂಥಲ್ಲಿ ಅಪಾಸ್ಟ್ರಫಿಯನ್ನು ಉಳಿಸಿಕೊಂಡಿದೆ, ಹಲವೆಡೆ ಹೈಫನ್ ರೂಪ ಹೆಚ್ಚು ಸ್ಪಷ್ಟ ಎಂದೂ ಹೇಳುತ್ತದೆ. ಅರ್ಜಿ, ಕರಾರು, ಪರೀಕ್ಷೆಯ ಉತ್ತರಗಳಲ್ಲಿ ಚಿಹ್ನೆ ಬಿಡದಿರುವುದೇ ಒಳ್ಳೆಯದು.

ಬರೆದು ಮುಗಿಸಿದ ಕಡತವನ್ನು ತಿದ್ದಲು ಕಂಪ್ಯೂಟರಿನ “ಫೈಂಡ್” ಸೌಲಭ್ಯ ಸಾಕು. ಅವರ್, ಡೇ, ವೀಕ್, ಮಂತ್, ಇಯರ್ ಪದಗಳನ್ನು ಒಂದೊಂದಾಗಿ ಹುಡುಕಿ. ಸಿಕ್ಕ ಪ್ರತಿ ಜಾಗದಲ್ಲೂ ಎಡಕ್ಕೆ ಸಂಖ್ಯೆ ನೋಡಿ, ಬಲಕ್ಕೆ ಮುಂದಿನ ಪದ ನೋಡಿ.

ಈ ನಾಲ್ಕನ್ನು ತಿದ್ದಿ ನೋಡಿ: “ಫೋರ್ ಡೇ’ಸ್ ಲೀವ್”, “ಎ ಸಿಕ್ಸ್-ಮಂತ್ಸ್’ ಕೋರ್ಸ್”, “ತ್ರೀ ಇಯರ್ಸ್’ ಅಗೋ”, “ಇನ್ ಎ ಮಂತ್ಸ್’ ಟೈಮ್”. ಸರಿಯಾದ ರೂಪಗಳು ಕ್ರಮವಾಗಿ “ಫೋರ್ ಡೇಸ್’ ಲೀವ್”, “ಎ ಸಿಕ್ಸ್-ಮಂತ್ ಕೋರ್ಸ್”, “ತ್ರೀ ಇಯರ್ಸ್ ಅಗೋ”, “ಇನ್ ಎ ಮಂತ್’ಸ್ ಟೈಮ್”. ಕೊನೆಯದರಲ್ಲಿ ಎಡವಿದರೆ ಮೇಲೆ “ತಿಂಗಳ” ಪದದ ಬಗ್ಗೆ ಹೇಳಿದ ಭಾಗವನ್ನು ಇನ್ನೊಮ್ಮೆ ಓದಿಕೊಳ್ಳಿ.