ಮೋಸ ಹೋದರೂ ದುಡ್ಡು ಹೋಗದ ಹಾಗೆ: ನನ್ನ ಅನುಭವ

ಹೋದ ತಿಂಗಳು ಅಪ್ಪನಿಗೆ ಬಂದ ಕರೆ ಹೆಚ್ಚುಕಡಿಮೆ 40 ನಿಮಿಷ ನಡೆಯಿತು. ಆ ಕಡೆಯವನು ಬ್ಯಾಂಕಿನ ಅಧಿಕಾರಿ ಅಂದ, ಖಾತೆ ಇವತ್ತೇ ಸ್ಥಗಿತವಾಗುತ್ತೆ ಅಂದ, ಅಪ್ಪನ ಫೋನಿನ ಪರದೆಯನ್ನು ತನಗೆ ತೋರಿಸುವ ಆ್ಯಪ್ ಹಾಕಿಸಿದ, ಒಟಿಪಿ ಓದಿಸಿದ. ಅಪ್ಪ ಹೇಳಿದ್ದೆಲ್ಲ ಮಾಡಿದರು. ಹೋದದ್ದು ನನ್ನ ಒಂದು ದಿನದ ಸಂಬಳಕ್ಕಿಂತ ತುಸು ಹೆಚ್ಚು. ಅವರ ಜೀವಮಾನದ ಉಳಿತಾಯ ಇದ್ದಲ್ಲೇ ಇತ್ತು. ಆ ಫೋನಿನಿಂದ ಅದನ್ನು ಮುಟ್ಟುವ ದಾರಿಯನ್ನೇ ನಾನು ನಾಲ್ಕು ವರ್ಷದ ಹಿಂದೆ ಮುಚ್ಚಿದ್ದೆ.

ಆಗ ಭಾವ ಹೇಳಿದ್ದು ಇನ್ನೂ ನೆನಪಿದೆ. "ಇಷ್ಟೊಂದು ಬೀಗ ಜಡಿದರೆ ಕಳ್ಳ ಹಾಗಿರಲಿ, ಮನೆಯವರೇ ಒಳಗೆ ಬರೋಕಾಗಲ್ಲ ಕಣೋ. ಎಲ್ಲರಿಗೂ ಸ್ವಲ್ಪ ತಿಳಿವಳಿಕೆ ಹೇಳು, ಸಾಕು." ತಿಳಿವಳಿಕೆ ಹೇಳಿಯೇ ಸೋತವನು ನಾನು. ಮೊದಲ ಒಂದೂವರೆ ವರ್ಷ ಅದನ್ನೇ ಮಾಡಿದ್ದೆ. ನಕಲಿ ಸಂದೇಶಗಳ ಚಿತ್ರ ತೋರಿಸುವುದು, ಲಿಂಕ್ ಓದಿಸುವುದು, ವಾರಕ್ಕೊಮ್ಮೆ ಪರೀಕ್ಷೆ. ತಂಗಿ ಎಲ್ಲದರಲ್ಲೂ ಮುಂದಿದ್ದಳು. ಪಾರ್ಸೆಲ್ ವಿಳಾಸ ಸರಿಪಡಿಸಿ ಅನ್ನುವ ಸಂದೇಶಕ್ಕೆ ಆಗಿನ ನನ್ನ ಎರಡೂವರೆ ತಿಂಗಳ ಸಂಬಳದಷ್ಟು ಕಳೆದುಕೊಂಡದ್ದೂ ಅವಳೇ. ಆ ದಿನ ಅವಳು ನಿಜವಾಗಿಯೂ ಒಂದು ಪಾರ್ಸೆಲ್ಲಿಗೆ ಕಾಯುತ್ತಿದ್ದಳು. ಸಾವಿರ ಜನಕ್ಕೆ ಒಂದೇ ಸಂದೇಶ ಕಳಿಸಿದರೆ ಅವರಲ್ಲಿ ಯಾರೋ ಒಬ್ಬರು ಪಾರ್ಸೆಲ್ಲಿಗೆ ಕಾಯುತ್ತಲೇ ಇರುತ್ತಾರೆ. ಅಂಥ ಗಳಿಗೆಯಲ್ಲಿ ಕಲಿತದ್ದು ಯಾವುದೂ ನೆನಪಿಗೆ ಬರುವುದಿಲ್ಲ. ಆ ರಾತ್ರಿ ತೀರ್ಮಾನಿಸಿದೆ: ನಮ್ಮ ಮನೆಯವರು ಮೋಸ ಹೋಗುತ್ತಾರೆ ಎಂದೇ ಇಟ್ಟುಕೊಂಡು ಎಲ್ಲವನ್ನೂ ಹೊಸದಾಗಿ ಕಟ್ಟಬೇಕು.

ಮೊದಲು ಖಾತೆಗಳನ್ನು ಒಡೆದೆ. ಉಳಿತಾಯಕ್ಕೆ ಕಣಜ ಒಂದು, ದಿನದ ಖರ್ಚಿಗೆ ಸೇರು ಒಂದು. ಕಣಜದ ಖಾತೆಗೆ ಆ್ಯಪ್ ಇಲ್ಲ, ಕಾರ್ಡ್ ಇಲ್ಲ. ಅದರ ಮೊಬೈಲ್ ಸಂಖ್ಯೆ ಬೇರೆ, ಅದು ಬಟನ್ ಫೋನಿನಲ್ಲಿದ್ದು ಮನೆಯಲ್ಲೇ ಇರುತ್ತದೆ, ಆ ಸಂಖ್ಯೆಯನ್ನು ಬೇರೆಲ್ಲೂ ಕೊಟ್ಟಿಲ್ಲ. ಅಲ್ಲಿಂದ ತಿಂಗಳಿಗೊಮ್ಮೆ ನಿಗದಿತ ಮೊತ್ತ ಸೇರಿನ ಖಾತೆಗೆ ತಾನಾಗಿ ಹೋಗುತ್ತದೆ. ಫೋನಿಗೆ ಅಂಟಿಕೊಂಡಿರುವುದು ಸೇರು ಮಾತ್ರ. ಹೇಳಲು ಸುಲಭ. ಮೊದಲ ವರ್ಷ ಮೊತ್ತ ತೀರಾ ಕಡಿಮೆ ಇಟ್ಟು ತಪ್ಪು ಮಾಡಿದೆ. ಅಮ್ಮನನ್ನು ರಾತ್ರಿ ಆಸ್ಪತ್ರೆಗೆ ಸೇರಿಸಬೇಕಾದಾಗ ಮುಂಗಡ ಕಟ್ಟಲು ಸೇರಿನಲ್ಲಿ ಹಣ ಸಾಲದೆ ಭಾವನಿಂದಲೇ ಪಡೆಯಬೇಕಾಯಿತು. ಆಮೇಲೆ ನನ್ನ ಖಾತೆಯಲ್ಲೂ ತಂಗಿಯ ಖಾತೆಯಲ್ಲೂ ತುರ್ತಿಗೆಂದು ಬೇರೆಯಾಗಿ ಹಣ ಇಟ್ಟೆವು. ಒಬ್ಬರ ಸೇರು ಬರಿದಾದರೆ ಇನ್ನೊಬ್ಬರು ತುಂಬುತ್ತಾರೆ.

ಎರಡನೆಯದು ಪಾಸ್‌ವರ್ಡ್. ಮೂರು ತಿಂಗಳಿಗೊಮ್ಮೆ ಎಲ್ಲರೂ ಬದಲಿಸಬೇಕು ಅಂತ ಹಟ ಹಿಡಿದಿದ್ದೆ. ನೋಡಿದರೆ ಅಮ್ಮ ಹಳೆಯದರ ಕೊನೆಗೆ 1, 2, 3 ಅಂತ ಸೇರಿಸುತ್ತ ಹೋಗಿದ್ದರು. ಅಮೆರಿಕದ ಸರ್ಕಾರಿ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ತನ್ನ ಮಾರ್ಗಸೂಚಿಯಲ್ಲಿ, ಸೋರಿಕೆಯಾದ ಸುಳಿವಿಲ್ಲದೆ ಸುಮ್ಮನೆ ಬದಲಿಸುವಂತೆ ಒತ್ತಾಯಿಸಬೇಡಿ ಎಂದಿತ್ತು. ಅದನ್ನು ಓದಿ ಆ ಹಟ ಬಿಟ್ಟೆ. ಎಲ್ಲವನ್ನೂ ಪಾಸ್‌ವರ್ಡ್ ಮ್ಯಾನೇಜರಿಗೆ (ಪಾಸ್‌ವರ್ಡ್‌ಗಳನ್ನು ಬೀಗ ಹಾಕಿಟ್ಟು, ಅಸಲಿ ತಾಣದಲ್ಲಷ್ಟೇ ತಾನಾಗಿ ತುಂಬುವ ಆ್ಯಪ್) ಹಾಕಿ, ಅದನ್ನು ತೆರೆಯಲು ಪ್ರತಿಯೊಬ್ಬರಿಗೂ ಒಂದೇ ಒಂದು ಉದ್ದನೆಯ ಪದಗುಚ್ಛ ಕೊಟ್ಟೆ.

ಇಲ್ಲೊಂದು ಪ್ರಯೋಗದ ಹಿಂದೆ ಬಿದ್ದೆ. ದಾಳ ಉರುಳಿಸಿ ಪದ ಆರಿಸುವ ಡೈಸ್‌ವೇರ್ ಅನ್ನುವ ಕ್ರಮ 1995ರಿಂದ ಇದೆ, ಪಟ್ಟಿಯಲ್ಲಿ 7776 ಇಂಗ್ಲಿಷ್ ಪದ. ಅಮ್ಮನಿಗೆ ಅವು ನೆನಪಿರುತ್ತಿರಲಿಲ್ಲ. ಕನ್ನಡದಲ್ಲೇ ಪಟ್ಟಿ ಮಾಡೋಣ ಅಂತ ಹೊರಟೆ. ಲಾಗಿನ್ ಪರದೆಯಲ್ಲಿ ಕನ್ನಡ ಕೀಲಿಮಣೆ ಎಲ್ಲ ಕಡೆ ಸಿಗುವುದಿಲ್ಲ, ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು. ಅಲ್ಲೇ ಎಡವಿದ್ದು. 'ಹಳ್ಳ', 'ಹಲ್ಲ' ಎರಡೂ ಒಂದೇ ಥರ ಕಾಣುತ್ತವೆ. 'ತಾಳ' ಅನ್ನುವುದನ್ನು ಅಪ್ಪ ಒಂದು ರೀತಿ ಬರೆದರೆ ಅಮ್ಮ ಇನ್ನೊಂದು ರೀತಿ. ಎರಡು ತಿಂಗಳಲ್ಲಿ ಅಮ್ಮ ಮೂರು ಸಲ ಖಾತೆಯ ಹೊರಗೇ ನಿಂತರು. ದೀರ್ಘ, ಒತ್ತಕ್ಷರ, ಮಹಾಪ್ರಾಣ, ಳಕಾರ, ಣಕಾರ ಇರುವುದನ್ನೆಲ್ಲ ಕಿತ್ತು ಹಾಕಿ, ಯಾರು ಬರೆದರೂ ಒಂದೇ ಥರ ಬರೆಯುವ 1296 ಪದ ಉಳಿಸಿಕೊಂಡೆ: ಮರ, ಗಿಡ, ನರಿ, ಕಡಲು, ಇಂಥವು. ಪದಕ್ಕೆ ನಾಲ್ಕು ದಾಳ, ಪದವೊಂದಕ್ಕೆ 10.3 ಬಿಟ್ ಬಲ (ಒಂದೊಂದು ಬಿಟ್ ಹೆಚ್ಚಿದಂತೆ ಊಹಿಸುವವನ ಕೆಲಸ ಇಮ್ಮಡಿ). ಆರು ಪದ ಹಾಕಿದರೆ 62 ಬಿಟ್ ದಾಟುತ್ತದೆ. ಪಟ್ಟಿ ಮುಗಿಸಲು ನಾಲ್ಕು ತಿಂಗಳ ಭಾನುವಾರಗಳು ಹೋದವು. ಅಮ್ಮ ಆಮೇಲೆ ಒಂದು ಸಲವೂ ಮರೆತಿಲ್ಲ. ಇದು ನನಗೆ ಹೆಮ್ಮೆಯ ಕೆಲಸ.

ಮ್ಯಾನೇಜರ್ ಹಾಕಿದ ಮೇಲೆ ಗೆದ್ದೆ ಅಂದುಕೊಂಡಿದ್ದೆ. ಪರೀಕ್ಷೆಗೆಂದು ನಮ್ಮ ಮನೆಯ ಫೋಟೋ ತಾಣದ ಹೆಸರನ್ನೇ ಹೋಲುವ ಇನ್ನೊಂದು ಡೊಮೈನ್ (ಜಾಲತಾಣದ ಹೆಸರು) ಕೊಂಡು, ಇಂಗ್ಲಿಷಿನ ಲ್ಯಾಟಿನ್ 'ಎ' ಬದಲು ನೋಡಲು ಅದೇ ಥರ ಇರುವ ರಷ್ಯನ್ನಿನ ಸಿರಿಲಿಕ್ 'ಎ' ಹಾಕಿ, ಐದು ಜನಕ್ಕೂ ಕೊಂಡಿ ಕಳಿಸಿದೆ. ಮೂವರು ಒತ್ತಿದರು. ಮ್ಯಾನೇಜರ್ ಮೂವರಿಗೂ ಪಾಸ್‌ವರ್ಡ್ ತುಂಬಲಿಲ್ಲ, ಅಷ್ಟರಮಟ್ಟಿಗೆ ಅದು ತನ್ನ ಕೆಲಸ ಮಾಡಿತು. ಆದರೆ ಇಬ್ಬರು "ಇದ್ಯಾಕೋ ಕೆಟ್ಟಿದೆ" ಅಂದುಕೊಂಡು ಮ್ಯಾನೇಜರ್ ತೆರೆದು ಕೈಯಾರೆ ನಕಲು ಮಾಡಿ ಅಂಟಿಸಿಬಿಟ್ಟರು! ಕೈಯಿಂದ ಅಂಟಿಸಬಹುದಾದದ್ದು ಏನೇ ಇರಲಿ, ಅದನ್ನು ಬಾಯಿಬಿಡಿಸಿ ಕಸಿಯಲೂ ಬಹುದು. ಒಟಿಪಿಗೂ ಇದೇ ಗತಿ.

ಆಗಲೇ ಭದ್ರತಾ ಕೀಗಳಿಗೆ, ಅಂದರೆ ಲಾಗಿನ್ ಆಗುವಾಗ ಕೈಯಲ್ಲಿರಬೇಕಾದ ಪುಟ್ಟ ಸಾಧನಗಳಿಗೆ, ದುಡ್ಡು ಸುರಿದದ್ದು. ತಾಣದ ವಿಳಾಸ ಒಂದಕ್ಷರ ತಪ್ಪಿದರೂ ಫೈಡೋ ಅನ್ನುವ ಮಾನಕದ ಈ ಕೀ ಒಪ್ಪಿಗೆಯ ಸಹಿ ಹಾಕುವುದಿಲ್ಲ, ಬಳಸುವವರು ಎಷ್ಟೇ ನಂಬಿದ್ದರೂ ಸರಿ. ಗೂಗಲ್ ತನ್ನ 85,000ಕ್ಕೂ ಹೆಚ್ಚು ನೌಕರರಿಗೆ 2017ರಲ್ಲಿ ಇದನ್ನು ಕಡ್ಡಾಯ ಮಾಡಿದ ಮೇಲೆ ಯಾರ ಕೆಲಸದ ಖಾತೆಯೂ ಫಿಶಿಂಗ್‌ಗೆ (ನಕಲಿ ಸಂದೇಶ, ತಾಣಗಳಿಂದ ಗುಟ್ಟು ಕದಿಯುವ ಮೋಸಕ್ಕೆ) ಬಲಿಯಾಗಿಲ್ಲ ಎಂದು ಮರುವರ್ಷ ಹೇಳಿಕೊಂಡಿತ್ತು. ಅದನ್ನು ನೋಡಿಯೇ ಧೈರ್ಯ ಬಂತು. ಐದು ಜನಕ್ಕೆ ತಲಾ ಎರಡು. ಆದರೆ ಮೊದಲ ಕಂತಿನಲ್ಲಿ ತಂದದ್ದು ಹಳೆ ಯುಎಸ್‌ಬಿ ತುದಿಯವು, ಫೋನಿಗೆ ತಾಗಿಸಿ ಬಳಸುವ ಎನ್‌ಎಫ್‌ಸಿ ಇಲ್ಲದವು. ಅಪ್ಪ ಅಮ್ಮನಿಗೆ ಇರುವುದು ಫೋನ್ ಮಾತ್ರ, ಕಂಪ್ಯೂಟರ್ ಇಲ್ಲ. ತಿಂಗಳ ಸಂಬಳದ ಮೂರನೇ ಒಂದು ಪಾಲು ಕಪಾಟಿನಲ್ಲಿ ಬಿದ್ದುಹೋಯಿತು. ಎರಡನೇ ಸಲ ಸರಿಯಾದದ್ದು ತಂದೆ. ಎಲ್ಲ ಸೇರಿ ಮುಕ್ಕಾಲು ತಿಂಗಳ ಸಂಬಳ ಖರ್ಚಾಗಿರಬೇಕು. ಎರಡನೇ ಕೀ ಬೇಡ, ಉಳಿತಾಯವಾಗುತ್ತೆ ಅನ್ನುವವರಿಗೆ ಒಂದು ಮಾತು: ಇದಕ್ಕೂ ಮುಂಚೆ ನನ್ನದೇ ಫೋನ್ ನೀರಿಗೆ ಬಿದ್ದಾಗ, ಅದರೊಳಗಿನ ಅಥೆಂಟಿಕೇಟರಿಗೆ (ಲಾಗಿನ್ ಕೋಡ್ ತೋರಿಸುವ ಆ್ಯಪ್) ಬ್ಯಾಕಪ್ ಕೋಡ್ ಬರೆದಿಟ್ಟಿರಲಿಲ್ಲ. ಇಮೇಲ್ ವಾಪಸ್ ಪಡೆಯಲು ಮೂರು ವಾರ ಹಿಡಿಯಿತು. ಬಿಡಿ ಕೀ ಎಲ್ಲಿ ಇಡಬೇಕು ಅನ್ನುವುದರಲ್ಲಿ ನನ್ನದೊಂದು ಕ್ರಮವಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಒಂದೊಂದು ಸೇವೆಗೂ ಒಂದೊಂದು ಇಮೇಲ್ ವಿಳಾಸ ಮಾಡಿಕೊಂಡದ್ದರಿಂದ ಅನಿರೀಕ್ಷಿತ ಲಾಭವಾಯಿತು. ವಿದ್ಯುತ್ ಬಿಲ್ಲಿಗೆಂದು ಕೊಟ್ಟ ವಿಳಾಸಕ್ಕೆ ಬ್ಯಾಂಕಿನ ಪತ್ರ ಬಂದರೆ ಅದನ್ನು ಓದಲೂ ಬೇಕಿಲ್ಲ. ಒಂದೇ ವಿಳಾಸದಲ್ಲಿ ಹೆಸರಿನ ನಂತರ ಪ್ಲಸ್ ಚಿಹ್ನೆ ಹಾಕಿ ಬೇರೆ ಬೇರೆ ಪದ ಸೇರಿಸುವ ಉಪಾಯ ನನಗೆ ಸರಿಬರಲಿಲ್ಲ, ಪ್ಲಸ್ಸಿನಿಂದಾಚೆ ಕತ್ತರಿಸಿ ಅಸಲಿ ವಿಳಾಸ ತೆಗೆಯುವುದು ಯಾರಿಗಾದರೂ ಸುಲಭ. ಸ್ವಂತ ಡೊಮೈನ್ ಬೇಕು. ಯಾರಾದರೂ ಫೋನಿನಲ್ಲಿ ನಮ್ಮದೇ ದನಿ ನಕಲು ಮಾಡಿ ಹಣ ಕೇಳಿದರೆ ಗುರುತು ಹಿಡಿಯಲು ಮನೆಮಂದಿಗೆಲ್ಲ ಒಂದು ಗುಟ್ಟಿನ ಮಾತೂ ಇದೆ. ಅದು ಹೇಗೆ ಬದಲಾಗುತ್ತದೆ ಅನ್ನುವುದೂ ಮನೆಯೊಳಗೇ ಇರಲಿ.

ಇಷ್ಟೆಲ್ಲದರ ಜೊತೆ ಒಂದು ಕರಾರು ಮಾಡಿಕೊಂಡಿದ್ದೆವು: ಮೋಸ ಹೋದವರನ್ನು ಯಾರೂ ಬಯ್ಯಕೂಡದು. ತಂಗಿ ಅವತ್ತು ನಾಚಿಕೆಗೆ ಎರಡು ದಿನ ಮುಚ್ಚಿಟ್ಟಿದ್ದಳು, ಅಷ್ಟರಲ್ಲಿ ಹಣ ಎಲ್ಲೆಲ್ಲೋ ಹಾದು ಹೋಗಿತ್ತು. ಈ ಸಲ ಅಪ್ಪ ಕರೆ ಮುಗಿದು ಹತ್ತು ನಿಮಿಷದೊಳಗೆ ನನಗೆ ಫೋನ್ ಮಾಡಿದರು. "ಮೋಸ ಹೋದೆ ಕಣಪ್ಪಾ" ಅಂದರು. ಫೋನಿನ ನೆಟ್ ತೆಗೆಸಿ, ಆ ಆ್ಯಪ್ ಅಳಿಸಿಸಿ, ಇನ್ನೊಂದು ಫೋನಿನಿಂದ ಬ್ಯಾಂಕಿಗೆ ದೂರು ಕೊಟ್ಟೆವು. ಹೋದದ್ದರಲ್ಲಿ ಅರ್ಧ ಮೂರನೇ ವಾರ ವಾಪಸ್ ಬಂತು.

ಅದಾಗಿ ನಾಲ್ಕು ದಿನಕ್ಕೆ ಭಾವ ಬಂದರು, ತಮ್ಮ ಖಾತೆಗಳನ್ನೂ ಹೀಗೇ ಒಡೆದು ಕೊಡು ಅಂದರು. ಅವರ ಕೀಗಳು ಬಂದಿವೆ, ಈ ಸಲ ತುದಿ ನೋಡಿಯೇ ತರಿಸಿದ್ದೇನೆ. ಭಾನುವಾರ ಅಮ್ಮನೇ ಅವರಿಗೆ ದಾಳ ಹಾಕಿಸುತ್ತಾರೆ.