ಹಾಲು ಬಿಡಿಸುವಾಗ ಮರಿಗಳಿಗೆ ಪ್ರೋಬಯಾಟಿಕ್ ಕೊಟ್ಟು ನೋಡಿದೆ

ನಮ್ಮ ರೊಪ್ಪದಲ್ಲಿ ಕುರಿಮರಿಗಳು ಸೊರಗುತ್ತಿದ್ದದ್ದು ಹುಟ್ಟಿದ ವಾರದಲ್ಲಲ್ಲ, ಮೂರು ತಿಂಗಳಿಗೆ ಹಾಲು ಬಿಡಿಸಿದ ಮೇಲೆ. ಅಲ್ಲಿವರೆಗೆ ಕುಣಿದಾಡಿಕೊಂಡಿದ್ದ ಮರಿ ಹದಿನೈದು ದಿನದಲ್ಲಿ ಬೆನ್ನುಮೂಳೆ ಬಿಟ್ಟುಕೊಂಡು ನಿಲ್ಲುತ್ತಿತ್ತು. ಹಿಂಬದಿಯ ಉಣ್ಣೆಯೆಲ್ಲ ಭೇದಿಯಿಂದ ಅಂಟಿರುತ್ತಿತ್ತು. ಕಡೂರು ಕಡೆ ಬೇಸಿಗೆಯಲ್ಲಿ ಹಸಿರು ಸಿಗುವುದೇ ಕಷ್ಟ, ಅದಕ್ಕೇ ಹೀಗಾಗುತ್ತದೆ ಅಂದುಕೊಂಡಿದ್ದೆ.

ಪಶು ಆಸ್ಪತ್ರೆಯ ಡಾಕ್ಟರು ಬೇರೆಯೇ ಹೇಳಿದರು. ಹುಟ್ಟಿದ ಮರಿಗೆ ದೊಡ್ಡ ಹೊಟ್ಟೆ ಇನ್ನೂ ಕೆಲಸಕ್ಕೆ ಬಂದಿರುವುದಿಲ್ಲ, ಕುಡಿದ ಹಾಲು ಅದನ್ನು ದಾಟಿ ನೇರ ನಾಲ್ಕನೇ ಹೊಟ್ಟೆಗೆ ಹೋಗುತ್ತದೆ. ಎರಡು ಮೂರು ವಾರದಿಂದ ಹುಲ್ಲು, ಕಾಳು ಕಡಿಯಲು ಶುರು ಮಾಡಿದಾಗಲೇ ಅಲ್ಲಿ ಸೂಕ್ಷ್ಮಾಣುಗಳು ಚೆನ್ನಾಗಿ ನೆಲೆಯೂರುವುದು. ಆ ಅಭ್ಯಾಸವಿಲ್ಲದ ಮರಿಗೆ ಹಾಲು ತಪ್ಪಿಸಿ ಒಮ್ಮೆಲೇ ನುಚ್ಚು ಸುರಿದರೆ ಹೊಟ್ಟೆ ಹುಳಿಯಾಗುತ್ತದೆ. "ಯೀಸ್ಟ್ ಪುಡಿ ಕೊಡಿ, ಆದರೆ ಮೊದಲು ಮರಿಗೆ ಬೇರೆ ಮೇವಿನ ಜಾಗ ಮಾಡಿ" ಅಂದರು. ಪ್ರೋಬಯಾಟಿಕ್ ಅಂದರೆ ಇಂಥದ್ದೇ, ಹೊಟ್ಟೆಗೆ ಒಳ್ಳೆಯದು ಮಾಡುವ ಜೀವಂತ ಸೂಕ್ಷ್ಮಾಣು.

ಜಾಗ ಮಾಡಿದೆ. ರೊಪ್ಪದ ಮೂಲೆಗೆ ಬಿದಿರಿನ ಅಡ್ಡೆ ಕಟ್ಟಿ, ಮರಿ ಮಾತ್ರ ನುಸುಳುವಷ್ಟು ಸಂದು ಬಿಟ್ಟೆ. ಒಳಗೆ ಮೆಕ್ಕೆಜೋಳದ ನುಚ್ಚು, ಕಡಲೆಕಾಯಿ ಹಿಂಡಿ, ಬೂಸಾ, ಜೊತೆಗೆ ಒಣಗಿದ ಅಲಸಂದೆ ಬಳ್ಳಿ. ಖನಿಜ ಪುಡಿಯನ್ನು ಕುರಿಗೆಂದೇ ಮಾಡಿದ್ದನ್ನು ತಂದೆ. ದನದ ಪುಡಿಯಲ್ಲಿ ತಾಮ್ರ ಜಾಸ್ತಿ, ಕುರಿಗೆ ಅದು ವಿಷವಾಗಬಹುದು.

ಪುಡಿಯ ವಿಷಯದಲ್ಲಿ ಮೊದಲ ಡಬ್ಬ ನಷ್ಟವಾಯಿತು. ಬಿಸಿ ರಾಗಿ ಗಂಜಿಗೆ ಕಲಸಿ ಕೊಟ್ಟಿದ್ದೆ, ಡಬ್ಬವನ್ನು ತಗಡಿನ ಕೊಟ್ಟಿಗೆಯಲ್ಲೇ ಇಟ್ಟಿದ್ದೆ. ಅದರಲ್ಲಿರುವುದು ಜೀವ. ಸುಡುವ ಗಂಜಿಗೆ ಬಿದ್ದರೆ ಸಾಯುತ್ತದೆ, ಕಾದ ತಗಡಿನಡಿ ಇಟ್ಟರೂ ಉಳಿಯುವುದಿಲ್ಲ. ಎರಡನೇ ಸಲ ಒಣ ಬೂಸಾಕ್ಕೆ, ಡಬ್ಬದ ಮೇಲೆ ಬರೆದ ಅಳತೆಯಷ್ಟೇ ಬೆರೆಸಿ, ಅವತ್ತಿನದು ಅವತ್ತೇ ಖಾಲಿಯಾಗುವಂತೆ ನೋಡಿಕೊಂಡೆ.

ಈ ಸಲ ಹೋಲಿಸಿ ನೋಡಲೇಬೇಕು ಅನ್ನಿಸಿತು. 24 ಮರಿಗಳನ್ನು ತೂಕದ ಸಾಲಿನಲ್ಲಿ ನಿಲ್ಲಿಸಿ, ಒಂದು ಈ ಕಡೆ, ಒಂದು ಆ ಕಡೆ ಅಂತ ಬಿಟ್ಟೆ. ಟಗರು ಮರಿ ಎಲ್ಲ ಒಂದೇ ಕಡೆ ಸೇರಿದರೆ ಅವು ಬೇಗ ಬೆಳೆದು ಲೆಕ್ಕ ತಪ್ಪುತ್ತದೆ, ಅದನ್ನೂ ಸರಿದೂಗಿಸಿದೆ. ಎಲ್ಲಕ್ಕೂ ಒಂದೇ ದಿನ ಜಂತಿನ ಔಷಧಿ. ವಾರಕ್ಕೊಮ್ಮೆ ಬೆಳಿಗ್ಗೆ ಮೇವು ಹಾಕುವ ಮುಂಚೆ, ಗೋಣಿಚೀಲದಲ್ಲಿ ಕೂರಿಸಿ ಸ್ಪ್ರಿಂಗ್ ತಕ್ಕಡಿಗೆ ನೇತುಹಾಕಿ ತೂಗಿದೆ. ಹೊಟ್ಟೆ ತುಂಬಿದಾಗ ತೂಗಿದರೆ ಹುಲ್ಲು, ನೀರೂ ತೂಕಕ್ಕೆ ಸೇರುತ್ತವೆ.

ಎರಡು ತಿಂಗಳಿಗೆ ಪುಡಿ ತಿಂದ ಹನ್ನೆರಡರ ಸರಾಸರಿ ತೂಕ ಉಳಿದವುಗಳಿಗಿಂತ ಮುಂದಿತ್ತು, ಆದರೆ ಒಂದು ಕಿಲೋ ಕೂಡ ಇಲ್ಲ. ನಿಜವಾದ ವ್ಯತ್ಯಾಸ ಕಂಡದ್ದು ಹಾಲು ಬಿಡಿಸಿದ ಮೊದಲ ಮೂರು ವಾರ. ಪುಡಿ ಇಲ್ಲದ ಗುಂಪಿನಲ್ಲಿ ಐದಕ್ಕೆ ಭೇದಿ ಹಿಡಿಯಿತು, ಒಂದು ಸತ್ತಿತು. ಪುಡಿ ತಿಂದವುಗಳಲ್ಲಿ ಎರಡಕ್ಕೆ ಮಾತ್ರ, ಅವೂ ಚೇತರಿಸಿಕೊಂಡವು. ಹನ್ನೆರಡು ಮರಿ ನೋಡಿ ಎಲ್ಲರಿಗೂ ಹೀಗೇ ಆಗುತ್ತದೆ ಎನ್ನಲಾರೆ. ನನಗಂತೂ ಆ ಒಂದು ಮರಿಯ ಸಾವೇ ದೊಡ್ಡ ಲೆಕ್ಕ.

ಭೇದಿಯಲ್ಲಿ ರಕ್ತ ಕಂಡರೆ ಮಾತ್ರ ಪುಡಿ ನಂಬಿ ಕೂರಬೇಡಿ. ಅದು ಕಾಕ್ಸಿಡಿಯಾ ಎಂಬ ಕರುಳಿನ ಪರಾವಲಂಬಿಯ ಕಾಟ ಇರಬಹುದು, ಹಿಕ್ಕೆ ತೆಗೆದುಕೊಂಡು ಪರೀಕ್ಷೆಗೆ ಹೋಗಿ. ಆ್ಯಂಟಿಬಯೋಟಿಕ್ ಕೊಡುವ ದಿನಗಳಲ್ಲಿ ಲ್ಯಾಕ್ಟೋಬ್ಯಾಸಿಲಸ್ ಥರದ ಬ್ಯಾಕ್ಟೀರಿಯಾ ಪುಡಿ ಕೊಟ್ಟರೆ ಅದೂ ಸಾಯುತ್ತದೆ. ಯೀಸ್ಟ್‌ಗೆ ಆ ತೊಂದರೆ ಇಲ್ಲ. ಪುಡಿ ನಿಲ್ಲಿಸಿದರೆ ಹೊಟ್ಟೆಯಲ್ಲಿ ಅದು ಹೆಚ್ಚು ದಿನ ಉಳಿಯುವುದೂ ಇಲ್ಲ, ದಿನಾ ಬೀಳಬೇಕು. ಹುಟ್ಟಿದ ಕೂಡಲೇ ಗಿಣ್ಣು ಹಾಲು ಕುಡಿಯದ ಮರಿಗೆ ಯಾವ ಡಬ್ಬವೂ ಆ ಕೊರತೆ ತುಂಬುವುದಿಲ್ಲ. ಇದನ್ನು ಎರಡು ಮರಿ ಕಳೆದುಕೊಂಡು ಕಲಿತಿದ್ದೇನೆ.

ನಮ್ಮವ್ವ ಮೊದಲಿನಿಂದಲೂ ಸೊರಗಿದ ಮರಿಗೆ ಒಂದು ಲೋಟ ಹುಳಿಯಿಲ್ಲದ ಮಜ್ಜಿಗೆ ಕುಡಿಸುತ್ತಿದ್ದಳು. ಡಾಕ್ಟರ ಹತ್ತಿರ ಕೇಳಿದಾಗ ಅದರಲ್ಲಿರುವುದೂ ಲ್ಯಾಕ್ಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾಗಳೇ ಅಂದರು. ಮನೆಗೆ ಬಂದು ಹೇಳಿದೆ. "ಗೊತ್ತಿಲ್ದೆ ಕುಡಿಸ್ತಿದ್ನೇನೋ ಮಗ" ಅಂದಳು.

ಈಗ ವರ್ಷವಿಡೀ ಕೊಡುವುದಿಲ್ಲ, ಖರ್ಚು ಗಿಟ್ಟುವುದಿಲ್ಲ. ಹಾಲು ಬಿಡಿಸುವ ಹತ್ತು ದಿನ ಮುಂಚೆ ಶುರು, ಬಿಡಿಸಿದ ಮೇಲೆ ಒಂದು ತಿಂಗಳು. ಡಬ್ಬ ಅಡುಗೆಮನೆಯ ಗೂಡಿನಲ್ಲಿ ಉಪ್ಪಿನಕಾಯಿ ಜಾಡಿಯ ಪಕ್ಕ ಇರುತ್ತದೆ, ತೆರೆದ ತಾರೀಕನ್ನು ಮುಚ್ಚಳದ ಮೇಲೆ ಬರೆದಿಡುತ್ತೇನೆ.