ಒಂದೇ ದಿನದ ರೋಟೊರುವಾ: ಎರಡನೇ ಸಲಕ್ಕೆ ಕೈಗೂಡಿತು

"ಒಂದು ದಿನಕ್ಕೆ ರೋಟೊರುವಾನಾ? ನದಿಗೆ ಇಳೀತೀರೋ, ಮಾವೊರಿ ಊರು ನೋಡ್ತೀರೋ, ಒಂದನ್ನ ಆರಿಸ್ಕೊಳ್ಳಿ" ಅಂದಿದ್ದರು ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿರುವ ಗೆಳೆಯನ ಭಾವ. ರೋಟೊರುವಾ ಅಂದರೆ ಅಲ್ಲಿನ ಬಿಸಿನೀರಿನ ಬುಗ್ಗೆಗಳ ಊರು, ಮಾವೊರಿ ಅಂದರೆ ಆ ದೇಶದ ಮೂಲ ಜನ. ಮೊದಲ ಸಲ ಭಾವನ ಮಾತೇ ನಿಜವಾಯಿತು.

ನಾವು ನಾಲ್ಕು ಜನ: ಹಾಸನದವನು, ಸಾಗರದವನು, ಧಾರವಾಡದವನು, ನಾನು. ಮೂರು ವಾರ, ಬಾಡಿಗೆಯ ಹಳೇ ಕಾರು, ಬೆನ್ನಿಗೊಂದು ಚೀಲ. ದಕ್ಷಿಣಕ್ಕೆ ಹೋಗುವಾಗ ಬೆಳಿಗ್ಗೆ ಹತ್ತೂವರೆಗೆ ರೋಟೊರುವಾ ಮುಟ್ಟಿ, ಕಣ್ಣಿಗೆ ಬಿದ್ದ ಮೊದಲ ಗುಡ್ಡಕ್ಕೇ ದುಡ್ಡು ಸುರಿದೆವು. ಲೂಜ್ ಅನ್ನೋ, ಇಳಿಜಾರಿನಲ್ಲಿ ತಾನೇ ಉರುಳುವ ಪುಟ್ಟ ಗಾಡಿಯಲ್ಲಿ ಮೂರು ಸುತ್ತು. ಆಮೇಲೆ ಜೋರ್ಬ್: ದೊಡ್ಡ ಪ್ಲಾಸ್ಟಿಕ್ ಚೆಂಡಿನೊಳಗೆ ಕೂತು ಗುಡ್ಡ ಉರುಳುವುದು. ಒಂದು ನಿಮಿಷವೂ ಆಗಲಿಲ್ಲ, ತಲೆಗೆ ಐವತ್ತು ನ್ಯೂಜಿಲೆಂಡ್ ಡಾಲರ್ ಹತ್ತಿರ ಹೋಯಿತು. ಹೋಟೆಲಿನಲ್ಲಿ ನಿಧಾನಕ್ಕೆ ಊಟ ಮಾಡಿ ಮಾವೊರಿ ಹಳ್ಳಿಗೆ ಹೋದರೆ ಗೇಟು ಹಾಕುತ್ತಿದ್ದರು. ಮಾವೊರಿ ಹಾಡು, ಊಟದ ರಾತ್ರಿಯ ಕಾರ್ಯಕ್ರಮಕ್ಕೆ ಸೀಟಿಲ್ಲ. ತಲೆಗೆ ಇನ್ನೂರು ಡಾಲರ್ ಖಾಲಿ, ಕೈಗೆ ಬಂದದ್ದು ಒಂದು ಕೀಚೈನ್. ಭಾವ ಫೋನಿನಲ್ಲಿ ನಕ್ಕಿದ್ದು ಈಗಲೂ ಕಿವಿಯಲ್ಲಿದೆ.

ವಾಪಸ್ ಬರುವಾಗ ಲೆಕ್ಕ ತಿರುವಿ ಹಾಕಿದೆ. ನದಿ ಯಾವಾಗಲೂ ಹರಿಯುತ್ತೆ, ಗಡಿಯಾರಕ್ಕೆ ಕಟ್ಟಿಬಿದ್ದಿರುವುದು ಊರಿನವರ ಹಾಡು, ಊಟ. ಹಾಗಾಗಿ ಮೊದಲು ರಾತ್ರಿಯ ಸೀಟು, ಆಮೇಲೆ ಹಳ್ಳಿಯ ಮಧ್ಯಾಹ್ನದ ಪ್ರದರ್ಶನ, ಉಳಿದ ಬೆಳಿಗ್ಗೆಗೆ ನದಿ. ದುಡ್ಡು ಕೊಟ್ಟು ಮಾಡುವ ಸಾಹಸ ಒಂದೇ. ಹಿಂದಿನ ರಾತ್ರಿಯೇ ಬಂದು ಮಲಗುವುದು. ಇಷ್ಟೇ ಉಪಾಯ. ಗುಂಪಿನಲ್ಲಿ ಯಾರೂ ನಂಬಲಿಲ್ಲ ಅನ್ನೋದು ಬೇರೆ ಮಾತು.

ಸೂರ್ಯ ಹುಟ್ಟುವ ಮೊದಲು ಕಾಡಿನ ನಡುವಿನ ಒಂದು ಬಿಸಿನೀರಿನ ತೊರೆಗೆ ಇಳಿದೆವು. ಬಿಟ್ಟಿ. ಜಾಗದ ಹೆಸರು ಹೇಳಲ್ಲ, ನೀವೇ ಹುಡುಕಿಕೊಳ್ಳಿ. ತಲೆ ಮಾತ್ರ ಮುಳುಗಿಸಬೇಡಿ. ಇಂಥ ನೀರಿನಲ್ಲಿ ಮೂಗಿನಿಂದ ಮಿದುಳಿಗೆ ಹತ್ತುವ ಅಮೀಬಾ ಇರಬಹುದು ಅಂತ ಅಲ್ಲಿನವರೇ ಎಚ್ಚರಿಸುತ್ತಾರೆ.

ಒಂಬತ್ತಕ್ಕೆ ಓಕೆರೆ ಫಾಲ್ಸ್, ಕೈಟುನಾ ನದಿ. ಮಾವೊರಿಯಲ್ಲಿ ಕೈ ಅಂದರೆ ಊಟ, ಟುನಾ ಅಂದರೆ ಹಾವುಮೀನು. ದಾಂಡೇಲಿಯ ಕಾಳಿ ನದಿಯಲ್ಲಿ ರಾಫ್ಟಿಂಗ್ ಮಾಡಿದವರು ನಾವು ಅಂತ ಹಾಸನದವನು ಗೈಡಿಗೆ ಜಂಬ ಕೊಚ್ಚಿದ. ಗೈಡ್ ಏನೂ ಹೇಳಲಿಲ್ಲ. ದೋಣಿ ಬಿಡುವ ಮೊದಲು ಚಿಕ್ಕದೊಂದು ಪ್ರಾರ್ಥನೆ ಹೇಳಿದ, ಅದಕ್ಕೆ ಕರಕಿಯಾ ಅಂತಾರೆ. ಆಮೇಲೆ ತುತೆಯಾ ಜಲಪಾತ ಬಂತು. ಏಳು ಮೀಟರ್. ಹುಟ್ಟು ಒಳಗೆಳೆದು, ಹಗ್ಗ ಹಿಡಿದು, ಕುಕ್ಕರುಗಾಲಲ್ಲಿ ಕೂತೆವು. ದೋಣಿಯ ಮೂತಿ ಕೆಳಗೆ ಹೋಯಿತು, ಹಸಿರು ನೀರು ತಲೆ ಮೇಲೆ ಮುಚ್ಚಿಕೊಂಡಿತು. ಮೇಲೆದ್ದಾಗ ದೋಣಿಯಲ್ಲಿ ಮೂರೇ ಜನ. ಹಾಸನದವನು ಐದು ಮಾರು ದೂರದಲ್ಲಿ ಹೆಲ್ಮೆಟ್ ಸರಿಮಾಡಿಕೊಳ್ಳುತ್ತಾ ತೇಲುತ್ತಿದ್ದ. ಕಾಳಿಯ ಮಾತು ಅಲ್ಲಿಗೆ ಮುಗಿಯಿತು. ತಲೆಗೆ ನೂರಿಪ್ಪತ್ತು ಡಾಲರ್ ಆಸುಪಾಸು, ನೀರಿನಲ್ಲಿ ಮುಕ್ಕಾಲು ಗಂಟೆ.

ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ಊರ ನಡುವಿನ ಕುಯಿರಾವ್ ಪಾರ್ಕಿನಲ್ಲಿ ಬಿಸಿನೀರಿನ ತೊಟ್ಟಿಗೆ ಕಾಲು ಇಳಿಬಿಟ್ಟು ಬ್ರೆಡ್ಡಿಗೆ ಚಟ್ನಿಪುಡಿ ಸವರಿ ತಿಂದೆವು. ಇದೂ ಬಿಟ್ಟಿ. (ಚಟ್ನಿಪುಡಿಯನ್ನು ವಿಮಾನ ನಿಲ್ದಾಣದ ಫಾರಂನಲ್ಲಿ ಬರೆದೇ ತಂದಿದ್ದೆವು. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ನಾನೂರು ಡಾಲರ್.)

ಆಮೇಲೆ ಫಕರೆವರೆವ ಹಳ್ಳಿ. ಇಂಗ್ಲಿಷ್ ಅಕ್ಷರದಲ್ಲಿ ಓದಲು ಒದ್ದಾಡುವವರು ಕನ್ನಡದಲ್ಲಿ ಬರೆದುಕೊಳ್ಳಿ, ಸಲೀಸು. ಇದು ಜನ ವಾಸ ಮಾಡುವ ಊರು. ಮನೆಗಳ ನಡುವೆ ಹಬೆ ಏಳುತ್ತಿರುತ್ತೆ, ಆಚೆ ಪೋಹುತು ಗೀಸರ್, ಅಂದರೆ ನೆಲದಿಂದೇಳುವ ಬಿಸಿನೀರಿನ ಬುಗ್ಗೆ, ಚಿಮ್ಮುತ್ತೆ. 1886ರ ಜೂನ್ 10ರಂದು ತಾರಾವೆರಾ ಬೆಟ್ಟ ಸಿಡಿದು ಗುಲಾಬಿ, ಬಿಳಿ ಮೆಟ್ಟಿಲುಗಳೆಂದು ಹೆಸರಾಗಿದ್ದ ಜಾಗವೇ ಹಾಳಾದಾಗ, ಅಲ್ಲಿ ಪ್ರವಾಸಿಗರಿಗೆ ದಾರಿ ತೋರಿಸುತ್ತಿದ್ದ ತೂಹೋರಂಗಿ ಜನ ಇಲ್ಲಿಗೆ ಬಂದರು. ನಮ್ಮನ್ನು ಕರೆದೊಯ್ದ ಹೆಂಗಸು ಅದನ್ನು ನಿನ್ನೆ ಮೊನ್ನೆಯ ಸುದ್ದಿಯ ಹಾಗೆ ಹೇಳಿದರು. ಕುದಿಯುವ ಕೊಳಕ್ಕೆ ಬಲೆಚೀಲದಲ್ಲಿ ಮೆಕ್ಕೆಜೋಳ ಇಳಿಸಿ ಬೇಯಿಸುತ್ತಾರೆ. ಉಪ್ಪು ಹಾಕಿಲ್ಲ, ಆದರೂ ಉಪ್ಪುಪ್ಪು. ನಾನು ಎರಡು ತಿಂದೆ.

ಇದನ್ನು ನೋಡಿ ನಮಗೂ ಹುಮ್ಮಸ್ಸು ಬಂತು. ನಾವು ಉಳಿದಿದ್ದ ಕಡೆ ನೆಲದ ಹಬೆಯಲ್ಲೇ ಬೇಯಿಸುವ ಒಂದು ಪೆಟ್ಟಿಗೆ ಇತ್ತು. ಮೊಟ್ಟೆ ಬೆಂದಿತು. ಅನ್ನ ಆಯಿತು. ತೊಗರಿಬೇಳೆ ಎರಡು ಗಂಟೆಯಾದರೂ ಹಲ್ಲಿಗೆ ಸಿಗುತ್ತಿತ್ತು. ಕುಕ್ಕರಿನ ಒತ್ತಡ ಎಲ್ಲಿಂದ ಬರಬೇಕು?

ರಾತ್ರಿಯದೇ ನಿಜವಾದ ಪರೀಕ್ಷೆ. ಕರೆದೊಯ್ಯುವ ಬಸ್ಸೇ ನಮ್ಮ ವಾಕಾ, ಅಂದರೆ ದೋಣಿ. ಪ್ರಯಾಣಿಕರಲ್ಲೇ ಒಬ್ಬ ಮುಖ್ಯಸ್ಥ ಆಗಬೇಕು. ಧಾರವಾಡದವನ ಮೀಸೆ ನೋಡಿ ಎಲ್ಲರೂ ಅವನನ್ನೇ ಮುಂದೆ ತಳ್ಳಿದರು. ಈಟಿ ತಿರುಗಿಸುತ್ತಾ, ನಾಲಿಗೆ ಚಾಚಿ, ಕಣ್ಣು ಅರಳಿಸಿ ಒಬ್ಬ ಯೋಧ ಬಂದ. ಇದಕ್ಕೆ ವೇರೊ ಅಂತಾರೆ, ನೀನು ಗೆಳೆಯನೋ ಹಗೆಯೋ ಅನ್ನುವ ಪ್ರಶ್ನೆ. ನೆಲದ ಮೇಲೆ ಎಲೆ ಇಟ್ಟ. ಅವನ ಕಣ್ಣಿನಿಂದ ಕಣ್ಣು ತೆಗೆಯದೆ ಅದನ್ನು ಎತ್ತಿಕೊಳ್ಳಬೇಕು. ನಗಬಾರದು. ನಮ್ಮವನ ಮೀಸೆ ಒಂದೇ ಸಮ ಅದುರುತ್ತಿತ್ತು. ಹೇಗೋ ಎತ್ತಿದ. ಆಮೇಲೆ ಹೊಂಗಿ: ಮೂಗಿಗೆ ಮೂಗು, ಹಣೆಗೆ ಹಣೆ, ಉಸಿರು ಹಂಚಿಕೊಳ್ಳುವುದು. ಕನ್ನಡಕ ಇರುವವರು ಮೊದಲೇ ತೆಗೆಯಿರಿ. ನಾನು ತೆಗೆಯದೆ ಎದುರಿನ ಹಿರಿಯರ ಹುಬ್ಬಿಗೆ ಫ್ರೇಮ್ ಕುಟ್ಟಿಸಿದೆ.

ಊಟ ಹಾಂಗಿ. ಕಾದ ಕಲ್ಲಿನ ಮೇಲೆ ಬುಟ್ಟಿಗಳನ್ನಿಟ್ಟು, ಒದ್ದೆ ಬಟ್ಟೆ ಹೊದಿಸಿ, ಮಣ್ಣು ಮುಚ್ಚಿ ಮೂರು ನಾಲ್ಕು ಗಂಟೆ ಬಿಡುತ್ತಾರೆ. ಕೂಮರ ಅನ್ನೋ ಗೆಣಸಿಗೆ ನಮ್ಮ ಒಲೆಯ ಬೂದಿಯಲ್ಲಿ ಸುಟ್ಟ ಗೆಣಸಿನದೇ ಹೊಗೆವಾಸನೆ. ಸಾಗರದವನು ಸಸ್ಯಾಹಾರಿ. ಬುಕ್ ಮಾಡುವಾಗಲೇ ಹೇಳಿದ್ದಕ್ಕೆ ಬೇರೆ ತಟ್ಟೆ ಬಂತು, ಆದರೂ "ಗುಂಡಿ ಒಂದೇನಾ?" ಅಂತ ಮೂರು ಸಲ ಕೇಳಿದ.

ವಾಪಸ್ ಬಸ್ಸಿನಲ್ಲಿ ಡ್ರೈವರ್ ಒಂದೊಂದು ದೇಶದವರಿಂದ ಹಾಡಿಸಿದರು. ನಮ್ಮ ಮುಖ್ಯಸ್ಥ ಒಂದು ಲಾವಣಿ ಎತ್ತಿದ. ಡ್ರೈವರ್ ಎರಡನೇ ಸಾಲಿನಿಂದಲೇ ದನಿಗೂಡಿಸಿದರು, ಒಂದು ದೀರ್ಘವೂ ತಪ್ಪಲಿಲ್ಲ. ಮಾವೊರಿಯಲ್ಲೂ ಪ್ರತಿ ಪದ ಸ್ವರದಲ್ಲೇ ಮುಗಿಯುತ್ತೆ, ಹ್ರಸ್ವ ದೀರ್ಘ ಎರಡೂ ಇವೆ. ಆ ಬಸ್ಸಿನಲ್ಲಿದ್ದ ಬೇರೆ ಯಾರಿಗೂ ಅದು ಆಗಲಿಲ್ಲ.

ಲೆಕ್ಕ: ರಾಫ್ಟಿಂಗ್, ಹಳ್ಳಿ, ರಾತ್ರಿಯ ಊಟ, ಹಾಸಿಗೆ, ಪೆಟ್ರೋಲಿನ ಪಾಲು ಸೇರಿ ತಲೆಗೆ ಮುನ್ನೂರ ನಲವತ್ತು ಡಾಲರ್ ಇರಬೇಕು, ಡಾಲರಿಗೆ ಐವತ್ತು ರೂಪಾಯಿ ಹಿಡಿದರೆ ಹದಿನೇಳು ಸಾವಿರ. ರಾತ್ರಿಯ ಸೀಟು ಕಡಿಮೆಗೆ ಹೇಗೆ ಸಿಕ್ಕಿತು ಅಂತ ಭಾವನಿಗೇ ಹೇಳಿಲ್ಲ, ನಿಮಗೂ ಹೇಳಲ್ಲ.

ಒಂದು ನಷ್ಟ ಮಾತ್ರ ಲೆಕ್ಕಕ್ಕೆ ಬಂದಿಲ್ಲ. ಗಂಧಕದ ನೀರಿಗೆ ಬೆಳ್ಳಿ ಆಗಲ್ಲ ಅನ್ನೋದು ಮರೆತು ಕಡಗ ಹಾಕಿಕೊಂಡೇ ತೊರೆಗೆ ಇಳಿದಿದ್ದೆ. ಸಂಜೆಗೆ ಕಬ್ಬಿಣದ ಬಳೆಯ ಹಾಗೆ ಕಪ್ಪಾಗಿತ್ತು. ಊರಿಗೆ ಬಂದ ಮೇಲೆ ಅಮ್ಮ ವಿಭೂತಿ ಹಾಕಿ ತಿಕ್ಕಿದರು. ಮೈ ಬೆಳ್ಳಗಾಯಿತು, ಕೆತ್ತನೆಯ ಸಂದಿಯಲ್ಲಿ ಇನ್ನೂ ಕಪ್ಪಿದೆ.